ಶನಿವಾರದವರೆಗೂ ಚೆಕ್ಡ್

ಮಾರ್ಚ್ 6, ಶುಕ್ರವಾರ

ಇವತ್ತಿನಿಂದ ಬರೆದಿಡುತ್ತೇನೆ. ಯಾರನ್ನೂ ನಂಬುವ ಕಾಲವಲ್ಲ ಇದು. ನಾಳೆ ಯಾರಾದರೂ ‘ನೀನು ಹಾಗಂದೆ, ಹೀಗಂದೆ’ ಎಂದು ಗಂಟುಬಿದ್ದರೆ ತೋರಿಸಲು ಒಂದು ಪುಸ್ತಕವಾದರೂ ಇರಲಿ. ಮನೆಯಲ್ಲಿ ಬರೆದರೆ ಇವರು ಕತ್ತು ಉದ್ದ ಮಾಡಿ ಇಣುಕುತ್ತಾರೆ. ಅದಕ್ಕೇ ಊಟದ ಬಿಡುವಿನಲ್ಲಿ ಕಂಬಳಿ ಇಡುವ ಕೋಣೆಗೆ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದೇನೆ.

ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಆಸ್ಪತ್ರೆ ಲಾಂಡ್ರಿಯ ದೊಡ್ಡ ಇಸ್ತ್ರಿ ಯಂತ್ರಕ್ಕೆ ರೇಡಿಯೋಳ ಬಲಗೈ ಸಿಕ್ಕಿತು. ರೇಡಿಯೋ ಎಂದರೆ ಹದಿನಾಲ್ಕು ವರ್ಷದಿಂದ ಆ ಯಂತ್ರಕ್ಕೆ ಒದ್ದೆ ಹಾಸುಬಟ್ಟೆ ಕೊಡುತ್ತಿರುವವಳು. ಬಾಯಿ ಮುಚ್ಚುವುದು ಗೊತ್ತಿಲ್ಲ, ಅದಕ್ಕೇ ಆ ಹೆಸರು. ಎರಡು ಬಿಸಿ ರೋಲರುಗಳ ನಡುವೆ ಬಟ್ಟೆ ಹೋಗುತ್ತದೆ. ಅದರ ಮುಂದೆ ಉದ್ದಕ್ಕೂ ಒಂದು ಕೆಂಪು ಪಟ್ಟಿ ಇದೆ. ಕೈಯೋ ಮೈಮೇಲಿನ ಬಟ್ಟೆಯೋ ಅದಕ್ಕೆ ತಾಗಿದರೆ ಸಾಕು, ಯಂತ್ರ ನಿಲ್ಲಬೇಕು. ನಿನ್ನೆ ನಿಲ್ಲಲಿಲ್ಲ. ನಾನು ಓಡಿಬಂದು ಗುಂಡಿ ಒತ್ತುವಷ್ಟರಲ್ಲಿ ಮೂರು ಬೆರಳು ಸುಟ್ಟು ಹೋಗಿದ್ದವು. ಅವಳು ಕೂಗಿದ ಕೂಗು ಇನ್ನೂ ಕಿವಿಯಲ್ಲೇ ಇದೆ. ಮೇಲಿನ ವಾರ್ಡಿಗೇ ಸೇರಿಸಿದ್ದಾರೆ.

ಇವತ್ತು ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ಒಗೆಯುವವರು, ಮಡಚುವವರು ಎಲ್ಲರಿಗೂ ಇದ್ದಕ್ಕಿದ್ದಂತೆ ಕೆಲಸದ ಮೇಲೆ ಎಲ್ಲಿಲ್ಲದ ಶ್ರದ್ಧೆ. ನಾನೇನು ಮಗು ಅಲ್ಲ. ಇಸ್ತ್ರಿ ವಿಭಾಗದ ಸೂಪರ್‌ವೈಸರ್ ಆಗಿ ಹನ್ನೊಂದು ವರ್ಷವಾಯಿತು. ಬೆನ್ನ ಹಿಂದೆ ಯಾರು ಏನು ಮಾತಾಡುತ್ತಾರೆ ಎಂದು ಬೆನ್ನಿಗೇ ಗೊತ್ತಾಗುತ್ತದೆ.

ಹನ್ನೊಂದು ಗಂಟೆಗೆ ಆಫೀಸಿನ ಗುಮಾಸ್ತ ಕರೆದ. ‘ಅಕ್ಕಾ, ಕೂತ್ಕೊಳಿ’ ಅಂದ. ಇಷ್ಟು ವರ್ಷ ‘ರೀ ಸೂಪರ್‌ವೈಸರ್ರೇ’ ಆಗಿದ್ದವಳು ರಾತ್ರಿ ಬೆಳಗಾಗುವುದರೊಳಗೆ ಅಕ್ಕ ಆಗಿದ್ದು ಹೇಗೋ! ಇಪ್ಪತ್ನಾಲ್ಕನೇ ತಾರೀಖು ಮುಖ್ಯ ಕಚೇರಿಯಿಂದ ವಿಚಾರಣೆಗೆ ಅಧಿಕಾರಿ ಬರುತ್ತಾನಂತೆ. ಅವನಿಗೆ ನಮ್ಮ ಭಾಷೆ ಬರುವುದಿಲ್ಲ. ನಾನು ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿ ಕೊಡಬೇಕು.

‘ನೀವ್ಯಾಕೆ ತಲೆ ಕೆಡಿಸ್ಕೊತೀರಾ ಅಕ್ಕಾ? ನೀವು ಬಾಯಲ್ಲಿ ಹೇಳಿ, ನಾನು ಬರ್ಕೊತೀನಿ. ಕೊನೇಲಿ ಒಂದು ಸಹಿ ಹಾಕಿದ್ರೆ ಮುಗೀತು.’

ಅತಿ ವಿನಯಂ ಧೂರ್ತ ಲಕ್ಷಣಂ. ಅವನು ಇಂಗ್ಲಿಷಿನಲ್ಲಿ ಏನು ಬರೆಯುತ್ತಾನೆಂದು ನನಗೆ ಅರ್ಥವಾಗುತ್ತದೆಯೇ? ತಪ್ಪು ಯಾರ ತಲೆಗೆ ಕಟ್ಟುತ್ತಾರೋ ಅವರ ಕೆಲಸ ಹೋಯಿತು. ನಾನು ಆ ಕೆಂಪು ಪಟ್ಟಿಯನ್ನು ದಿನವೂ ಚೆಕ್ ಮಾಡಬೇಕು. ಮಾಡಿದ್ದಕ್ಕೆ ತಪಾಸಣೆ ಹಾಳೆಯಲ್ಲಿ ಸಹಿ ಇದೆ. ಅಷ್ಟು ಸಾಕು. ತಪ್ಪಿದ್ದರೆ ಫಿಟ್ಟರನದು, ಇಲ್ಲವೇ ಕೈಗಿಂತ ಬಾಯಿ ಜೋರಾಗಿ ಓಡಿಸುವ ರೇಡಿಯೋಳದು.

ಮಾರ್ಚ್ 8, ಭಾನುವಾರ

ಮನೆಯಲ್ಲಿದ್ದಾಗ ಇವರು ಮಲಗಿದ ಮೇಲೆ ಬರೆಯುತ್ತೇನೆ. ಬೇರೆ ದಾರಿ ಇಲ್ಲದೆ ನಾದಿನಿಯ ಕಾಲು ಹಿಡಿದೆ. ಮಹಡಿ ಮೇಲಿನ ಎರಡು ಕೋಣೆಯಲ್ಲಿ ಇರುತ್ತಾಳೆ, ಇವರ ತಂಗಿ. ನಾಲ್ಕನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಾಳೆ. ನನ್ನ ಮದುವೆಯಾದಾಗಿನಿಂದ ನನ್ನ ಒಂದೊಂದು ಮಾತನ್ನೂ ಕೆಂಪು ಶಾಯಿಯಲ್ಲಿ ತಿದ್ದುವ ಹಾಗೆ ನೋಡುತ್ತಾಳೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ನನಗೆ ಬರುತ್ತದೆ. ವಾಕ್ಯ ಕಟ್ಟಲು ಬರುವುದಿಲ್ಲ.

‘ಅತ್ತಿಗೆ, ನಿಮಗೆ ಬೇಕಾಗಿರೋದು ಭೂತಕಾಲ ಅಷ್ಟೆ,’ ಅಂದಳು. ‘ಆಗಿಹೋಗಿದ್ದನ್ನ ತಾನೇ ಬರೀಬೇಕು?’

ಪೇಪರ್ ಓದುತ್ತಿದ್ದ ಇವರು ಬಾಯಿ ಹಾಕಿದರು. ‘ಭೂತ ಬಿಡಿಸೋಕೆ ನಮ್ಮ ಟೀಚರಮ್ಮನೇ ಸರಿ!’ ಅಣ್ಣ ತಂಗಿ ಇಬ್ಬರೂ ನಕ್ಕರು. ನನಗೆ ಮೈ ಉರಿಯಿತು. ಮೊದಲೇ ಮಾತಾಡಿಕೊಂಡಿದ್ದರೋ ಏನೋ.

ಪಾಠಕ್ಕೆ ಮಕ್ಕಳ ನಾಲ್ಕು ಗೆರೆಯ ಕಾಪಿ ಪುಸ್ತಕ ತಂದಳು, ಮುಖಪುಟದಲ್ಲಿ ಆನೆಯ ಚಿತ್ರ ಬೇರೆ. ಇಂಗ್ಲಿಷಿನ ಕೆಲವು ಕ್ರಿಯಾಪದಗಳು ಬೇಕಾಬಿಟ್ಟಿ ವೇಷ ಬದಲಿಸುತ್ತವಂತೆ. ಇನ್ನು ಕೆಲವು ಹೇಳಿದ ಮಾತು ಕೇಳುವವು. ಅವುಗಳ ಬಾಲಕ್ಕೆ ಇ ಡಿ ಅಂಟಿಸಿದರೆ ಸಾಕು, ಕೆಲಸ ನಿನ್ನೆಗೆ ಹೋಗಿಬಿಡುತ್ತದೆ. ವಾಕ್, ವಾಕ್ಡ್. ವಾಶ್, ವಾಶ್ಡ್.

‘ನಾನು ನಡೆದಾಡಿದ ಸುದ್ದಿ ಯಾರಿಗೆ ಬೇಕು? ನನಗೆ ಚೆಕ್ ಅನ್ನೋದನ್ನ ಹೇಳಿಕೊಡು.’

‘ಅದೂ ಹಾಗೇ ಅತ್ತಿಗೆ, ಸಾಧು. ಚೆಕ್, ಚೆಕ್ಡ್. ಐ ಚೆಕ್ಡ್ ದಿ ಬಾರ್. ನಾನು ಪಟ್ಟಿಯನ್ನ ಚೆಕ್ ಮಾಡಿದೆ.’

ಇಷ್ಟೇನಾ! ಹತ್ತು ಸಲ ಬರೆದೆ. ಚೆಕ್ಡ್ ಎಂದು ಬರೆದು ಬರೆದು ನನ್ನ ಕೈ ಪಳಗಿದೆ. ಹಾಳೆಯಲ್ಲಿ ಹನ್ನೊಂದು ವರ್ಷದಿಂದ ಬರೆಯುತ್ತಿರುವುದು ಅದೊಂದನ್ನೇ.

ಮಾಡಲಿಲ್ಲ ಎನ್ನಬೇಕಾದರೆ ಡಿಡ್ ನಾಟ್ ಚೆಕ್. ಡಿಡ್ ಬಂತೆಂದರೆ ಬಾಲ ಉದುರಿಹೋಗುತ್ತದೆ. ‘ಅದು ನನಗೆ ಬೇಡ’ ಅಂದೆ. ಅವಳು ನನ್ನ ಮುಖ ನೋಡಿದಳು. ಯಾಕೆ ನೋಡಬೇಕಿತ್ತು?

ಮಾರ್ಚ್ 10, ಮಂಗಳವಾರ

ಫಿಟ್ಟರ್ ಬಂದು ಯಂತ್ರ ಬಿಚ್ಚಿದ. ಪಟ್ಟಿಯ ಹಿಂದಿನ ಸ್ವಿಚ್ಚಿನ ತಂತಿ ತುಂಡಾಗಿತ್ತು. ಅದನ್ನು ಎತ್ತಿ ಹಿಡಿದು, ಇಡೀ ಹಾಲ್‌ಗೆ ಕೇಳುವ ಹಾಗೆ, ‘ಕೈ ಸಿಗೋ ಹೊತ್ತಿಗೆ ಇದು ಕಡಿದು ಎರಡು ಮೂರು ದಿನವಾದ್ರೂ ಆಗಿತ್ತು’ ಅಂದ. ಆಮೇಲೆ ಮೆತ್ತಗೆ, ‘ನೀವು ದಿನಾ ನೋಡ್ತಿದ್ರಲ್ಲ ಮೇಡಂ?’

‘ನೋಡ್ತಿದ್ದೆ’ ಅಂದೆ.

‘ಹಂಗಾದ್ರೆ ಸರಿ’ ಎಂದು ಚೀಲ ಹೆಗಲಿಗೇರಿಸಿ ಹೋದ. ಆ ಹಂಗಾದ್ರೆ ಸರಿಗೆ ಏನರ್ಥ? ಯಂತ್ರ ನೋಡಿಕೊಳ್ಳುವುದು ಇವನ ಕೆಲಸ. ಮೂರು ತಿಂಗಳಿಗೊಮ್ಮೆ ಬಂದು ಎಣ್ಣೆ ಬಿಟ್ಟು ಹೋಗುವವನು ನನ್ನನ್ನು ಪ್ರಶ್ನೆ ಕೇಳುತ್ತಾನೆ. ಉಳಿದವರೆಲ್ಲ ಕಿವಿ ನಿಮಿರಿಸಿಕೊಂಡು ಕೇಳಿದರು, ಅವರಿಗೆ ಅಷ್ಟೇ ಬೇಕಿತ್ತು.

ಮಾರ್ಚ್ 12, ಗುರುವಾರ

ರೇಡಿಯೋಳನ್ನು ನೋಡಲು ವಾರ್ಡಿಗೆ ಹೋದೆ. ಆರು ದಿನ ಹೋಗಿರಲಿಲ್ಲ. ಕೆಲಸ ಇತ್ತು.

ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಹೊದ್ದಿದ್ದು ನಾವೇ ಇಸ್ತ್ರಿ ಮಾಡಿದ ಹೊದಿಕೆ. ನನ್ನನ್ನು ಕಂಡು, ‘ಬಂದ್ರಾ ಅಕ್ಕ’ ಅಂದಳು. ಮತ್ತೆ ಮಾತಿಲ್ಲ. ಕಸ ಗುಡಿಸುವವಳ ಮಗಳ ಮದುವೆಯಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನ ಬಾಣಂತನದವರೆಗೆ ಬಿಡುವಿಲ್ಲದೆ ಹೇಳುತ್ತಿದ್ದ ಹೆಂಗಸು ಸುಮ್ಮನೆ ಚಾವಣಿ ನೋಡುತ್ತಿದ್ದಾಳೆ. ಇಷ್ಟು ಮೌನ ಸುಮ್ಮನೆ ಬರುವುದಿಲ್ಲ.

‘ಯಾರಾದ್ರೂ ಬಂದಿದ್ರಾ?’

‘ಆಫೀಸಿನೋರು ಬಂದಿದ್ರು. ಹೇಗಾಯ್ತು ಹೇಳು ಅಂದ್ರು. ಏನೋ ಇಂಗ್ಲಿಷಲ್ಲಿ ಬರ್ಕೊಂಡ್ರು. ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು.’

‘ನೀನು ಏನು ಹೇಳ್ದೆ?’

‘ಏನು ಹೇಳ್ಲಿ ಅಕ್ಕ. ಆಗಿದ್ದಾಯ್ತು ಬಿಡಿ.’

ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ನನಗೆ ಎಲ್ಲ ಅರ್ಥವಾಯಿತು. ಗುಮಾಸ್ತನೂ ಇವಳೂ ಸೇರಿ ನನ್ನ ಕುತ್ತಿಗೆಗೆ ಹಗ್ಗ ಹೊಸೆದಾಗಿದೆ. ಇಲ್ಲದಿದ್ದರೆ ನನ್ನ ಕಣ್ಣು ತಪ್ಪಿಸುವುದೇಕೆ?

ಮಾರ್ಚ್ 13, ಶುಕ್ರವಾರ

ಊಟ ಸೇರಲಿಲ್ಲ.

ಮಾರ್ಚ್ 15, ಭಾನುವಾರ

ಎರಡನೇ ಪಾಠ. ಆಗ ಏನು ನಡೆಯುತ್ತಿತ್ತು ಎಂದು ಹೇಳುವ ಬಗೆ. ವಾಸ್ ಬೇಕು, ಬಾಲಕ್ಕೆ ಇಂಗ್ ಬೇಕು. ಐ ವಾಸ್ ಚೆಕಿಂಗ್. ಚೆಕ್ ಮಾಡುತ್ತಿದ್ದೆ. ನಮ್ಮಲ್ಲಿ ಇಲ್ಲದ್ದೇನಲ್ಲ. ಮಾಡಿದೆ, ಮಾಡುತ್ತಿದ್ದೆ, ಮಾಡಿದ್ದೆ ಎಂದು ನಾವು ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದೇವೆ, ಯಾರೂ ಪಾಠ ಮಾಡಿರಲಿಲ್ಲ ಅಷ್ಟೆ.

ನನಗೆ ಬೇಕಾಗಿದ್ದ ವಾಕ್ಯ ಸಿಕ್ಕಿತು. ಶಿ ವಾಸ್ ಟಾಕಿಂಗ್. ಅವಳು ಮಾತಾಡುತ್ತಿದ್ದಳು. ಇದನ್ನೇ ಮೊದಲ ಸಾಲಾಗಿ ಹಾಕುತ್ತೇನೆ ಅಂದೆ. ಬೆಲ್ಲ ಸಿಕ್ಕ ಇರುವೆಯಷ್ಟು ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಸುಳ್ಳಲ್ಲದ ಮಾತು, ಹಾಲ್‌ನಲ್ಲಿ ಇದ್ದವರೆಲ್ಲ ಸಾಕ್ಷಿ.

ನಾದಿನಿ ಪೆನ್ನಿನ ಹಿಂಭಾಗ ಕಚ್ಚುತ್ತಾ ಕೇಳಿದಳು. ‘ಸರಿ ಅತ್ತಿಗೆ. ಅವರು ಮಾತಾಡ್ತಿದ್ದಾಗ ನೀವು ಏನು ಮಾಡ್ತಿದ್ರಿ? ಅದೂ ಇದರ ಜೊತೇನೇ ಬರುತ್ತೆ. ವೈಲ್ ಶಿ ವಾಸ್ ಟಾಕಿಂಗ್, ಐ ವಾಸ್...?’

‘ನೋಡ್ತಿದ್ದೆ. ವಾಚಿಂಗ್.’

‘ಏನನ್ನ?’

‘ಕೆಲಸಾನ! ನೀನೇನು ಪೊಲೀಸಾ?’

‘ಅಯ್ಯೋ, ವಾಕ್ಯ ಪೂರ್ತಿ ಆಗ್ಲಿ ಅಂತ ಕೇಳ್ದೆ ಅತ್ತಿಗೆ.’

ನಾಲ್ಕನೇ ತರಗತಿ ಮಕ್ಕಳ ಕಳ್ಳತನ ಹಿಡಿದು ಹಿಡಿದು ಇವಳಿಗೆ ಇದೇ ಅಭ್ಯಾಸವಾಗಿದೆ. ಇಲ್ಲವೇ ಇವರು ಹೇಳಿಕೊಟ್ಟು ಕೇಳಿಸಿದ್ದಾರೆ. ನಾನು ಆಗ ದಿಂಬಿನ ಚೀಲಗಳ ಕಟ್ಟು ಕಟ್ಟುತ್ತಿದ್ದೆ, ಯಂತ್ರಕ್ಕೆ ಬೆನ್ನು ಹಾಕಿ. ಅದನ್ನು ಇವಳಿಗೆ ಹೇಳುವ ದರ್ದು ನನಗಿಲ್ಲ.

ಮಾರ್ಚ್ 17, ಮಂಗಳವಾರ

ಇವತ್ತು ಗುಮಾಸ್ತ ಒಳಗಿನ ಮಾತನ್ನು ಹೊರಗೆ ಹಾಕಿದ. ಅದನ್ನು ಬರೆಯುವ ಮೊದಲು ನಮ್ಮ ಹಾಳೆಯ ಕಥೆ ಬರೆಯಬೇಕು. ಇಲ್ಲಿ ಎಲ್ಲರಿಗೂ ಗೊತ್ತಿರುವುದೇ, ಆದರೂ ಯಾರೂ ಬಾಯಿಬಿಡುವುದಿಲ್ಲ.

ತಪಾಸಣೆ ಹಾಳೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಆರು ಮನೆ. ಪ್ರತಿದಿನ ಕೆಲಸ ಶುರುವಾಗುವ ಮೊದಲು ಪಟ್ಟಿ ಒತ್ತಿ, ಯಂತ್ರ ನಿಂತದ್ದನ್ನು ನೋಡಿ, ಆ ದಿನದ ಮನೆಯಲ್ಲಿ ಚೆಕ್ಡ್ ಎಂದು ಬರೆದು ಸಹಿ ಮಾಡಬೇಕು. ಆದರೆ ಮುಖ್ಯ ಕಚೇರಿಗೆ ಹೋಗುವ ಟಪಾಲು ಚೀಲ ಬುಧವಾರ ಬೆಳಿಗ್ಗೆಯೇ ಹೊರಡುತ್ತದೆ. ಅರ್ಧ ತುಂಬಿದ ಹಾಳೆ ಹೋದರೆ ಅವರು ವಾಪಸು ಕಳಿಸುತ್ತಾರೆ. ಅದಕ್ಕೇ ಸೋಮವಾರವೇ ಆರೂ ಮನೆ ತುಂಬಿ ಗುಮಾಸ್ತನಿಗೆ ಕೊಡುವುದು. ನನಗಿಂತ ಹಿಂದಿನ ಸೂಪರ್‌ವೈಸರ್ ಕಲಿಸಿಕೊಟ್ಟಿದ್ದೇ ಹೀಗೆ. ‘ಮೇಲಿಂದ ಕೆಳಗೆ ಒಂದೇ ಸಲ ಬರ್ಕೊಂಡು ಹೋಗು, ಕೈ ನೋಯಲ್ಲ’ ಅಂದಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವರು. ಇನ್ನೂ ಬಾರದ ಶನಿವಾರವೂ ಚೆಕ್ಡ್ ಆಗಿ ಬುಧವಾರ ಹೊರಡುತ್ತದೆ, ಹನ್ನೊಂದು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ.

ಗುಮಾಸ್ತ ಬಾಗಿಲು ಮುಂದಕ್ಕೆ ಮಾಡಿ ಪಿಸುಗುಟ್ಟಿದ.

‘ಅಕ್ಕಾ, ಆ ವಾರದ ಹಾಳೆ ಬುಧವಾರವೇ ಹೋಗಿದೆ. ಅವಳ ಕೈ ಸಿಕ್ಕಿದ್ದು ಗುರುವಾರ. ಹಾಳೇಲಿ ಗುರುವಾರ, ಶುಕ್ರವಾರ, ಶನಿವಾರ ಎಲ್ಲಾ ನಿಮ್ಮ ಸಹಿ ಇದೆ. ಆಫೀಸರ್ ಅದನ್ನ ತರ್ತಾನೆ.’

ಬಾಗಿಲನ್ನು ನಾನೇ ಪೂರ್ತಿ ಮುಚ್ಚಿದೆ.

‘ಹೆದರಬೇಡಿ. ಅವಳು ಮಾತಾಡ್ತಾ ಅಜಾಗರೂಕತೆಯಿಂದ ಕೈ ಇಟ್ಟಳು ಅಂತ ಆದ್ರೆ, ಹಾಳೆ ತೆಗೆದು ನೋಡೋ ಪ್ರಮೇಯವೇ ಬರಲ್ಲ. ಅವಳ ಹೇಳಿಕೇನೂ ಹಾಗೇ ಇದೆ. ನಿಮ್ಮದೂ ಹಾಗೇ ಇದ್ರೆ ಅರ್ಧ ಗಂಟೇಲಿ ಫೈಲ್ ಮುಚ್ತಾರೆ. ನಿಮ್ಮ ಸಹಿ, ನನ್ನ ಸೀಲು. ನಾನು ಮುಳುಗಿದ್ರೆ ನೀವೂ ಮುಳುಗ್ತೀರಿ, ತಿಳ್ಕೊಳಿ.’

ಅಕ್ಕ ಎಂದು ಕರೆದಿದ್ದರ ಗುಟ್ಟು ಇದು. ಹೊರಗೆ ಬಂದ ಮೇಲೆ ಇನ್ನೊಂದು ಅನುಮಾನ ಹತ್ತಿತು. ಇದು ನಿಜವೋ, ಇಲ್ಲ ನನ್ನನ್ನು ಹೆದರಿಸಿ ಬರೆಸಿಕೊಳ್ಳಲು ಹೂಡಿದ ಆಟವೋ? ಹೇಳಿದ್ದೆಲ್ಲ ನಿಜವೇ ಇರಬಹುದು ಎನ್ನುವುದೇ ಹೆಚ್ಚು ಭಯ.

ಮಾರ್ಚ್ 19, ಗುರುವಾರ

ಸಂಜೆ ಮೂರನೇ ಪಾಠ. ಪಾಠದ್ದು ಒಂದು ಸಾಲು ಬರೆದು ಪುಸ್ತಕ ಮುಚ್ಚೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ.

ಆಗಿಹೋದ ಎರಡು ಸಂಗತಿ ಇದ್ದರೆ, ಮೊದಲು ಆದದ್ದಕ್ಕೆ ಹ್ಯಾಡ್ ಹಚ್ಚಬೇಕು. ಹ್ಯಾಡ್ ಚೆಕ್ಡ್. ಚೆಕ್ ಮಾಡಿದ್ದೆ. ನಾದಿನಿ ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಬಲತುದಿಯಲ್ಲಿ ಒಂದು ಚುಕ್ಕೆ ಇಟ್ಟು, ‘ಇದು ಅವರ ಕೈ ಸಿಕ್ಕ ಗಳಿಗೆ’ ಅಂದಳು. ‘ಈಗ ಇದರ ಎಡಕ್ಕೆ, ನೀವು ಪಟ್ಟಿ ಚೆಕ್ ಮಾಡಿದ್ದು ಎಲ್ಲಿ ಬರುತ್ತೆ, ಅಲ್ಲಿ ಚುಕ್ಕೆ ಇಡಿ ಅತ್ತಿಗೆ. ಆಮೇಲೆ ವಾಕ್ಯ ತಾನಾಗೇ ಬರುತ್ತೆ.’

ಪೆನ್ಸಿಲ್ ಹಿಡಿದುಕೊಂಡೆ. ಗುರುವಾರ ಬೆಳಿಗ್ಗೆ ಎಂದು ಇಡಲು ಹೋದೆ. ಆ ದಿನ ಬಂದ ಕೂಡಲೇ ಆಪರೇಷನ್ ಕೋಣೆಯ ಬಟ್ಟೆ ತಡವಾಗಿದೆ ಎಂದು ಮೇಲಿನಿಂದ ಫೋನು ಬಂದಿತ್ತು, ಅಲ್ಲಿಗೆ ಓಡಿದ್ದೆ. ಬುಧವಾರ? ಬುಧವಾರ ರಜೆ ಹಾಕಿ ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಯಂತ್ರದ ಹತ್ತಿರವೇ ಸುಳಿಯದ ದಿನವೂ ಹಾಳೆಯಲ್ಲಿ ಚೆಕ್ಡ್. ಮಂಗಳವಾರ? ರೇಡಿಯೋಳ ಬೆಕ್ಕಿನ ಕಥೆಯಲ್ಲೇ ಬೆಳಿಗ್ಗೆ ಕಳೆದಿತ್ತು. ಸೋಮವಾರ? ಸೋಮವಾರ ಹಾಳೆ ತುಂಬಿದ್ದು ನೆನಪಿದೆ, ಪೆನ್ನಿನ ಮುಚ್ಚಳ ಬಿದ್ದು ಮೇಜಿನ ಕೆಳಗೆ ಹೋಗಿದ್ದೂ ನೆನಪಿದೆ. ಪಟ್ಟಿಯ ಮೇಲೆ ಕೈ ಇಟ್ಟಿದ್ದು ನೆನಪಿಲ್ಲ. ಎಡಕ್ಕೆ ಹೋಗುತ್ತಾ ಹೋದೆ. ಕೊನೆಗೆ ನೆನಪಾಯಿತು. ಪಟ್ಟಿಗೆ ಹೊಸದಾಗಿ ಬಣ್ಣ ಹೊಡೆದಾಗ ಒತ್ತಿ ನೋಡಿದ್ದೆ, ಅಂಗೈಗೆಲ್ಲ ಕೆಂಪು ಮೆತ್ತಿಕೊಂಡು ಸೀಮೆಎಣ್ಣೆ ಹಾಕಿ ತಿಕ್ಕಿದ್ದೆ. ಅದಾಗಿ ಎಂಟೊಂಬತ್ತು ತಿಂಗಳಾಗಿದೆ. ಆ ಚುಕ್ಕೆ ಇಡಲು ನಾದಿನಿಯ ಕಾಗದದಲ್ಲಿ ಜಾಗವೇ ಇರಲಿಲ್ಲ.

ಪೆನ್ಸಿಲ್ ಕೆಳಗಿಟ್ಟೆ. ನಾನೇ ಪುಸ್ತಕ ಎಳೆದುಕೊಂಡು ಬರೆದೆ. ಐ ಹ್ಯಾಡ್ ನಾಟ್ ಚೆಕ್ಡ್ ದಿ ಬಾರ್. ನಾನು ಪಟ್ಟಿಯನ್ನು ಚೆಕ್ ಮಾಡಿರಲಿಲ್ಲ. ಇಷ್ಟು ದಿನದಲ್ಲಿ ಒಂದು ತಪ್ಪೂ ಇಲ್ಲದೆ ಮೊದಲ ಸಲಕ್ಕೇ ಸರಿ ಬಂದ ವಾಕ್ಯ ಇದೊಂದೇ. ಮಕ್ಕಳ ಪುಸ್ತಕಕ್ಕೆ ಹಾಕುವ ಹಾಗೆ ಅವಳು ಪಕ್ಕದಲ್ಲಿ ರೈಟ್ ಮಾರ್ಕು ಹಾಕಲು ಪೆನ್ನು ಎತ್ತಿದಳು, ಹಾಕಲಿಲ್ಲ.

‘ಅಣ್ಣನಿಗೆ ಹೇಳ್ತೀಯಾ?’ ಅಂದೆ.

‘ಹೇಳೋದಿದ್ರೆ ನೀವೇ ಹೇಳ್ತೀರಿ ಅತ್ತಿಗೆ. ಟೀ ಮಾಡ್ಲಾ?’

ಇವಳನ್ನು ನಂಬಬಹುದೋ ಇಲ್ಲವೋ ಗೊತ್ತಾಗುತ್ತಿಲ್ಲ. ಟೀ ಮಾತ್ರ ಚೆನ್ನಾಗಿತ್ತು.

ಮಾರ್ಚ್ 22, ಭಾನುವಾರ

ರೇಡಿಯೋಳನ್ನು ಮನೆಗೆ ಕಳಿಸಿದ್ದಾರೆ. ನಿನ್ನೆ ಮಡಚುವವರು ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡೆ. ಅಜಾಗರೂಕತೆ ಎಂದು ತೀರ್ಮಾನವಾದರೆ ಅವಳಿಗೆ ಮತ್ತೆ ಕೆಲಸ ಇಲ್ಲ, ಮುಂದಿನ ಚಿಕಿತ್ಸೆಯೂ ಇಲ್ಲ. ಬೆರಳು ಮಡಚಲು ಬರಬೇಕಾದರೆ ಇನ್ನೂ ಎರಡು ಆಪರೇಷನ್ ಆಗಬೇಕಂತೆ. ಯಂತ್ರದ ದೋಷ, ತಪಾಸಣೆಯ ದೋಷ ಎಂದಾದರೆ ಕೈಯೂ ಉಳಿದೀತು, ಕೆಲಸವೂ ಉಳಿದೀತು. ನನ್ನದು ಹೋಗುತ್ತದೆ.

ನಾನು ಬರುತ್ತಲೇ ಮಾತು ನಿಲ್ಲಿಸಿದರು. ನನಗೆ ಕೇಳಲಿ ಎಂದೇ ಆಡಿದರೋ, ಕೇಳದಿರಲಿ ಎಂದು ನಿಲ್ಲಿಸಿದರೋ. ಈಚೆಗೆ ಎಲ್ಲರದ್ದೂ ಈ ಎರಡರಲ್ಲಿ ಒಂದೇ.

ಎರಡು ಹೇಳಿಕೆ ಬರೆದಿದ್ದೇನೆ. ಒಂದರಲ್ಲಿ ಅವಳು ಮಾತಾಡುತ್ತಿದ್ದಳು, ನೋಡುತ್ತಿರಲಿಲ್ಲ. ಇನ್ನೊಂದರಲ್ಲಿ ನಾನು ಚೆಕ್ ಮಾಡಿರಲಿಲ್ಲ, ಸೋಮವಾರವೇ ಆರೂ ಮನೆ ತುಂಬಿದ್ದೆ. ನಾದಿನಿ ಎರಡನ್ನೂ ಓದಿ ಒಂದೆರಡು ಅಕ್ಷರ ತಿದ್ದಿದಳು. ‘ವ್ಯಾಕರಣದಲ್ಲಿ ಎರಡೂ ಸರಿ ಇದೆ ಅತ್ತಿಗೆ’ ಅಂದಳು. ಅವಳ ಬಾಯಿಂದ ಇಷ್ಟು ಹೊಗಳಿಕೆ ಕೇಳಿದ್ದು ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು, ಖುಷಿ ಪಡುವ ಹಾಗಿಲ್ಲ.

ಇವರಿಗೆ ಹೇಳಿದೆ. ಪೇಪರ್ ಮಡಚಿಟ್ಟರು. ‘ನನ್ನ ಕಣ್ಣಿನ ದಿನಾನೂ ಸಹಿ ಇತ್ತಾ?’ ಅಂದರು. ‘ಹ್ಞೂಂ’ ಅಂದೆ. ಮತ್ತೆ ತಮಾಷೆ ಮಾಡಲಿಲ್ಲ.

ಮಾರ್ಚ್ 24, ಮಂಗಳವಾರ

ಎರಡು ಕಾಗದವನ್ನೂ ಚೀಲದಲ್ಲಿಟ್ಟುಕೊಂಡು ಹೋದೆ. ಬಲಬದಿಯಲ್ಲಿ ಒಂದು, ಎಡಬದಿಯಲ್ಲಿ ಒಂದು. ಆಫೀಸಿನ ಬಾಗಿಲು ದಾಟುವಾಗಲೂ ಯಾವುದಕ್ಕೆ ಕೈ ಹಾಕುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅಧಿಕಾರಿ ಎಳೆಯ ಪ್ರಾಯದವನು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ. ಹಾಳೆ ಅವನ ಫೈಲಿನ ಮೇಲೆಯೇ ಇತ್ತು, ನನ್ನ ಆರು ಸಹಿ ದೂರದಿಂದಲೇ ಕಂಡವು. ಅವನು ನೋಡಿದ್ದಾನೆ, ನೋಡಿಲ್ಲದವನ ಹಾಗೆ ನಟಿಸುತ್ತಿದ್ದಾನೆ ಎಂದುಕೊಂಡೆ. ರೇಡಿಯೋ ಗೋಡೆ ಪಕ್ಕದ ಕುರ್ಚಿಯಲ್ಲಿ ಕೈಯನ್ನು ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಗುಮಾಸ್ತ ಮೊದಲು ಅವಳ ಹೇಳಿಕೆ ಓದಿದ. ಗಡಗಡ ಓದಿದ, ಯಾರಿಗೂ ತಿಳಿಯಬಾರದೆಂಬಂತೆ. ನನಗೆ ತಿಳಿಯಿತು! ಐ ವಾಸ್ ಟಾಕಿಂಗ್. ಐ ವಾಸ್ ನಾಟ್ ಲುಕಿಂಗ್. ದಿ ಬಾರ್ ಹ್ಯಾಡ್ ವರ್ಕ್ಡ್ ದಟ್ ಮಾರ್ನಿಂಗ್. ಕೊನೆಯದನ್ನು ಮನಸ್ಸಿನಲ್ಲೇ ಬಿಡಿಸಿಕೊಂಡೆ. ಆ ಬೆಳಿಗ್ಗೆ ಪಟ್ಟಿ ಕೆಲಸ ಮಾಡಿತ್ತು. ಎರಡು ಮೂರು ದಿನದ ಹಿಂದೆಯೇ ತಂತಿ ಕಡಿದ ಪಟ್ಟಿ ಆ ಬೆಳಿಗ್ಗೆ ಹೇಗೆ ಕೆಲಸ ಮಾಡುತ್ತದೆ?

ಎದ್ದು ನಿಂತೆ. ‘ಏ, ಬೆಳಿಗ್ಗೆ ಪಟ್ಟಿ ಸರಿಯಾಗೇ ಇತ್ತು ಅಂತ ನೀನು ಬರ್ಸಿದ್ಯೇನೇ?’

ರೇಡಿಯೋ ಕಕ್ಕಾಬಿಕ್ಕಿಯಾದಳು. ‘ಇಲ್ಲಕ್ಕ... ಪಟ್ಟಿ ಸುದ್ದಿ ನಾನು ಎತ್ತಲೇ ಇಲ್ಲ. ಮಾತಾಡ್ತಿದ್ದೆ, ಕೈ ಹೋಯ್ತು ಅಂದೆ, ಅಷ್ಟೆ.’

‘ಅಕ್ಕಾ, ಕೂತ್ಕೊಳಿ, ನಾನು ಹೇಳ್ತೀನಿ’ ಎಂದು ಗುಮಾಸ್ತ ನನ್ನ ತೋಳು ಹಿಡಿದ. ಬಿಡಿಸಿಕೊಂಡೆ. ಕೈ ಎಡಬದಿಗೆ ಹೋಯಿತು. ಬರೆದದ್ದನ್ನು ನಿಂತೇ ಓದಿದೆ. ಉಚ್ಚಾರಣೆ ಹೇಗಿತ್ತೋ ದೇವರಿಗೇ ಗೊತ್ತು, ಅಧಿಕಾರಿ ಎರಡು ಸಲ ಮುಂದಕ್ಕೆ ಬಾಗಿದ. ನಾನು ಚೆಕ್ ಮಾಡಿರಲಿಲ್ಲ ಎಂಬ ಸಾಲು ಬಂದಾಗ ಮೂಗು ಒರೆಸುವುದನ್ನು ನಿಲ್ಲಿಸಿದ. ಹಾಳೆ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಅವರದೇ ಕಚೇರಿಗೆ ಅದು ತಲುಪಿದ ದಿನದ ಸೀಲಿನ ಮೇಲೆ ಬೆರಳಿಟ್ಟ. ಆಮೇಲೆ ಶನಿವಾರದ ಮನೆಯ ಮೇಲೆ ಬೆರಳಿಟ್ಟ. ಹೀಗೆ ಎರಡು ಸಲ. ಪಾಪದವನು, ಅಲ್ಲಿಯತನಕ ನೋಡಿಯೇ ಇರಲಿಲ್ಲ.

ಗುಮಾಸ್ತನ ಮುಖ ನೋಡಲಾಗಲಿಲ್ಲ. ಅಧಿಕಾರಿ ಬಹಳ ಹೊತ್ತು ಬರೆದುಕೊಂಡ. ತೀರ್ಮಾನ ಬರುವವರೆಗೆ ನನ್ನನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದಿದ್ದಾರೆ. ಹೇಳಿಕೆಗೆ ಏನಾದರೂ ಸೇರಿಸುವುದಿದ್ದರೆ ನಾಳೆ ಸಂಜೆಯೊಳಗೆ ಕೊಡಬೇಕು.

ಹೊರಗಿನ ಮೊಗಸಾಲೆಯಲ್ಲಿ ರೇಡಿಯೋ ಬೆನ್ನು ಹತ್ತಿ ಬಂದಳು. ‘ಏನಕ್ಕ ಅದು ಓದಿದ್ದು?’

ಹೇಳಿದೆ. ನಮ್ಮ ಭಾಷೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು.

‘ಅಯ್ಯೋ ನಿಮ್ಮ! ಯಾಕೆ ಹೇಳೋಕೆ ಹೋದ್ರಿ? ನಾನು ನಿಮ್ಮ ಹೆಸರೇ ಬರಬಾರದು ಅಂತ ಬಾಯಿ ಹೊಲ್ಕೊಂಡು ಕೂತಿದ್ನಲ್ಲ. ಮಂಗಳವಾರದ ಮಾತನ್ನೂ ಎತ್ತಲಿಲ್ಲ.’

‘ಯಾವ ಮಂಗಳವಾರದ ಮಾತು?’

‘ಅದೇ ಅಕ್ಕ, ನನ್ನ ಏಪ್ರನ್ ಪಟ್ಟಿಗೆ ತಾಗಿದ್ರೂ ಯಂತ್ರ ನಿಲ್ಲಲಿಲ್ಲ, ಸ್ವಲ್ಪ ನೋಡ್ಸಿ ಅಂದಿದ್ನಲ್ಲ. ನೀವು ಹ್ಞೂಂ ಅಂದ್ರಿ. ನೋಡ್ಸಿರ್ತೀರಿ ಅಂದ್ಕೊಂಡೆ.’

ಆ ಮಂಗಳವಾರ ನನಗೆ ನೆನಪಿದೆ. ಪಕ್ಕದ ಮನೆಯ ಬೆಕ್ಕು ಬಟ್ಟೆ ಬೀರುವಿನಲ್ಲಿ ನಾಲ್ಕು ಮರಿ ಹಾಕಿದ್ದು, ಒಂದಕ್ಕೆ ಬಾಲ ಅರ್ಧ ಬೆಳ್ಳಗಿದ್ದದ್ದು, ಮನೆಯೊಡತಿ ಬೀರುವಿನ ಬಾಗಿಲು ತೆಗೆದು ಕಿರುಚಿದ್ದು, ಎಲ್ಲ ನೆನಪಿದೆ. ಅದರ ನಡುವೆ ಎಲ್ಲೋ ಅವಳು ಇದನ್ನೂ ಹೇಳಿದ್ದಾಳೆ. ನಾನು ಹ್ಞೂಂ ಅಂದಿದ್ದೇನೆ. ಹದಿನಾಲ್ಕು ವರ್ಷ ಅವಳ ಎಲ್ಲ ಮಾತಿಗೂ ಅಂದ ಹಾಗೇ ಅಂದಿದ್ದೇನೆ.

‘ವಾರ್ಡಿಗೆ ಬಂದಾಗ ಯಾಕೆ ಹೇಳಲಿಲ್ಲ?’

‘ನಿಮ್ಮ ಮುಖ ನೋಡಿ ಹೇಳೋಕಾಗಲಿಲ್ಲ. ನೊಂದ್ಕೊತೀರಿ ಅನ್ನಿಸ್ತು.’

ಅವಳು ನೊಂದವಳು, ನನಗೆ ನೋವಾಗುತ್ತದೆಂದು ಗೋಡೆ ಕಡೆ ತಿರುಗಿದ್ದಳು. ಥೂ ನನ್ನ ಜನ್ಮಕ್ಕೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಅವಳು ಎಡಗೈಯಲ್ಲಿ ನನ್ನ ಬೆನ್ನು ಸವರಿದಳು.

ಮಾರ್ಚ್ 25, ಬುಧವಾರ

ಬೆಳಿಗ್ಗೆಯೇ ಗುಮಾಸ್ತ ಮೆಟ್ಟಿಲ ಹತ್ತಿರ ಕಾದು ನಿಂತಿದ್ದ. ಮೊಗಸಾಲೆಯಲ್ಲಿ ನಾವು ಆಡಿದ್ದು ಅವನ ಕಿವಿಗೆ ಬಿದ್ದಿದೆ.

‘ಚೆಕ್ ಮಾಡಿಲ್ಲ ಅಂದಿದ್ದಕ್ಕೆ ಬೈದು ಬೇರೆ ಕೆಲಸಕ್ಕೆ ಹಾಕ್ತಾರೆ, ಅಷ್ಟೆ. ಇದೇ ಪದ್ಧತಿ ಅಂತ ಹೇಳ್ಬೋದು. ಗೊತ್ತಿದ್ದೂ ಸುಮ್ಮನಿದ್ರಿ ಅಂತ ಆದ್ರೆ ಮನೆಗೇ ಕಳಿಸ್ತಾರೆ. ಅವಳು ಬಾಯಲ್ಲಿ ಹೇಳಿದ್ದು. ಸಾಕ್ಷಿ ಇಲ್ಲ, ಬರಹ ಇಲ್ಲ. ಅವಳೂ ಹೇಳಲ್ಲ ಅಂತಿದಾಳೆ. ಯಾಕೆ ನಿಮಗೆ ನೀವೇ ಗುಂಡಿ ತೋಡ್ಕೊತೀರಾ?’

ಅವನು ಹೇಳಿದ್ದರಲ್ಲಿ ಸುಳ್ಳು ಹುಡುಕಿದೆ. ಒಂದೂ ಸಿಗಲಿಲ್ಲ.

ಕಂಬಳಿ ಕೋಣೆಗೆ ಬಂದು ಹೇಳಿಕೆಯ ಕೊನೆಗೆ ಒಂದು ಸಾಲು ಸೇರಿಸಿದೆ. ನಾದಿನಿಗೆ ತೋರಿಸಲಿಲ್ಲ. ಎಚ್ಚರಿಸುವುದಕ್ಕೆ ವಾರ್ನ್ ಎನ್ನುತ್ತಾರೆಂದು ಯಂತ್ರದ ಮೇಲಿನ ಹಳದಿ ಫಲಕದಿಂದಲೇ ಗೊತ್ತಿತ್ತು. ಮಂಗಳವಾರ ಮೊದಲು, ಗುರುವಾರ ಆಮೇಲೆ. ಮೊದಲಿನದಕ್ಕೆ ಹ್ಯಾಡ್.

ಆನ್ ಟ್ಯೂಸ್‌ಡೇ ಶಿ ಹ್ಯಾಡ್ ವಾರ್ನ್ಡ್ ಮಿ.

ಮಂಗಳವಾರ ಅವಳು ನನ್ನನ್ನು ಎಚ್ಚರಿಸಿದ್ದಳು. ಕೆಳಗೆ ಸಹಿ ಮಾಡಿ, ಅಧಿಕಾರಿಯ ಕೈಗೇ ಕೊಟ್ಟು ಬಂದೆ. ಅಕ್ಷರ ನೆಟ್ಟಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸೊಟ್ಟಗಿದೆ. ಆದರೂ ಓದಲು ಬರುತ್ತದೆ.